ನನ್ನ ಹರಕೆ, ನಿನ್ನ ಮೊಣಕಾಲು

ಮಮದಾಪುರ, ತಾ. ಗೋಕಾಕ
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನವ್ವಾ ಅರ್ಚನಾ,

ಇವತ್ತು ಲಕ್ಕವ್ವನ ವಾರ, ನನಗೆ ಒಪ್ಪತ್ತು. ಕಸ ಹೊಡೆದು, ಅಂಗಳಕ್ಕೆ ಸೆಗಣಿ ನೀರು ಹಾಕಿ, ಎಮ್ಮೆ ಹಿಂಡಿ, ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದೇನೆ. ಮೊಣಕಾಲು ಹೇಗಿದೆ? ಬಾವು ಇಳಿಯಿತೇ? ಹಾಸ್ಟೆಲಿನ ಮೆಟ್ಟಿಲು ಹತ್ತಲು ಬರುತ್ತದೆಯೇ, ಊಟವನ್ನು ಯಾರಾದರೂ ಮೇಲೆ ತಂದುಕೊಡುತ್ತಾರೆಯೇ? ಹನ್ನೊಂದು ದಿನದಿಂದ ನಿನ್ನ ಫೋನ್ ಬಂದ್ ಇದೆ. ಅದಕ್ಕೇ ಈ ಕಾಗದ. ನಿನ್ನ ಮಾಲಿಂಗ ಕಾಕಾ ಮೂಡಲಗಿಯಿಂದ ಲಾರಿಗೆ ಬೆಲ್ಲ ತುಂಬಿಕೊಂಡು ಇವತ್ತೇ ಪುಣೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳನೇ ಇಯತ್ತೆ ಕಲಿತವಳ ಅಕ್ಷರ, ನಗಬೇಡ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ಕೂತವರು ನಿನ್ನನ್ನು ಕಂಡಾಗೆಲ್ಲ "ಏ ಅರ್ಚಿ, ತೆಂಗಿನಕಾಯಿ ಕೆಡವಾಕ ಗಳಾ ಬ್ಯಾಡ, ನೀ ಬಂದ್ರ ಸಾಕು" ಎಂದು ನಿನ್ನ ಎತ್ತರಕ್ಕೆ ಚ್ಯಾಷ್ಟಿ ಮಾಡುತ್ತಿದ್ದರಲ್ಲ, ಈಗ ನಾನು ಹಾದುಹೋದರೆ ಅವರೂ ಮಾತು ನಿಲ್ಲಿಸುತ್ತಾರೆ. ಹುಕ್ಕೇರಿ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿದ ಹುಡುಗಿ ಪುಣೆಯ ತಂಡಕ್ಕೆ ಪಗಾರದ ಮೇಲೆ ಸೇರಿದಾಗ ಊರೆಲ್ಲ ಪೇಡೆ ತಿಂದಿತ್ತು. ಇಪ್ಪತ್ನಾಲ್ಕು ವಯಸ್ಸಿಗೇ ಎಲ್ಲ ಮುಗಿಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ತಂಡದವರ ಇಂಗ್ಲಿಷ್ ಕಾಗದವನ್ನು ಕಾಕಾನೇ ಓದಿ ಹೇಳಿದ. ಮೊದಲ ಆಪರೇಷನ್ ಆದಮೇಲೆ ವಿಶ್ರಾಂತಿಗೆ ಊರಿಗೆ ಹೋದವಳು ಕದ್ದು ಆಟವಾಡಿ ಮೊಣಕಾಲು ಮತ್ತೆ ಹರಿದುಕೊಂಡಿದ್ದಾಳೆ, ಬಚ್ಚಲಲ್ಲಿ ಜಾರಿದೆ ಎಂದು ಸುಳ್ಳು ಹೇಳಿದ್ದಾಳೆ, ಎರಡನೇ ಆಪರೇಷನ್ನಿಗೂ ಅದು ಸರಿಹೋಗಿಲ್ಲ, ತಂಡದಿಂದ ತೆಗೆದಿದ್ದೇವೆ, ತಿಂಗಳ ಕೊನೆಗೆ ಹಾಸ್ಟೆಲಿನ ಖೋಲಿ ಬಿಡಬೇಕು ಅಂತ. ನಿನ್ನಪ್ಪ ಅಲ್ಲೇ ಫೋನ್ ಹಚ್ಚಿದರು. "ನಾಕ ತಿಂಗಳ ತಡಿಯಾಕ ಆಗಲಿಲ್ಲೇನ ನಿನಗ? ಕಾಲ ಮುರಕೊಂಡ ಕುರಿ ಸುದ್ದಾ ಸುಮ್ನ ಮಲಗತೈತಿ!" ಎಂದು ಒದರಿದರು. ನೀನು "ತಪ್ಪಾತು ಅಪ್ಪಾ" ಎಂದೆ, ಅಷ್ಟೇ. ನಾನು ಬಾಜೂಕ್ಕೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ.

ನೀನು ಊರಿಗೆ ಬಂದಾಗ ನಿನ್ನಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ಆಪರೇಷನ್ ಸರಿಯಾದರೆ ಮಗಳ ಕೈಲಿ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು ಲಕ್ಕವ್ವನಿಗೆ ಹರಕೆ ಹೊತ್ತವಳು ನಾನು. "ಯವ್ವಾ, ಮೊಣಕಾಲ ಮಡಚಬ್ಯಾಡ ಅಂದಾರ ಡಾಕ್ಟರು" ಎಂದು ನೀನು ಎರಡು ಸಲ ಹೇಳಿದೆ. "ದೇವರ ಮುಂದ ಮಡಚಾಕ ಡಾಕ್ಟರನ್ನ ಕೇಳಬೇಕೇನ?" ಎಂದು ನಾನು ಬಾಯಿ ಮುಚ್ಚಿಸಿದೆ. ಬಾವಿಯಿಂದ ಗುಡಿಯವರೆಗೆ, ಒದ್ದೆ ಸೀರೆಯಲ್ಲಿ, ಬೋರಲು ಮಲಗಿ, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು ಗೆರೆಯ ಮೇಲೆ ನಿಂತು, ಮತ್ತೆ ಮಲಗಿ. ಉದ್ದ ಇದ್ದೀ, ಲಗೂನ ಮುಗಿಯುತ್ತದೆ ಎಂದು ನಾನೇ ನಕ್ಕಿದ್ದೆ. ಹುಣಸೆ ಮರ ದಾಟಿದ ಮೇಲೆ ನೀನು ಏಳುವಾಗ ಮೊಣಕಾಲಿನಲ್ಲಿ ಟಪ್ ಎಂದು ಸಪ್ಪಳವಾಯಿತು. ನನಗೂ ಕೇಳಿಸಿತು. ನೀನು ನನ್ನ ಮುಖ ನೋಡಿದೆ. "ಇನ್ನ ಸೊಲ್ಪ ಐತಿ" ಎಂದೆ ನಾನು.

ಇವತ್ತು ನಸುಕಿನಲ್ಲಿ ನಿನ್ನಪ್ಪನಿಗೆ ಎಲ್ಲ ಹೇಳಿದೆ. ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು, ರೊಟ್ಟಿ ಗಂಟು ಬಿಟ್ಟು ಹೋದರು. ನಿಮ್ಮ ಕೋಚ್ ಮೇಡಂಗೂ ನಾನೇ ಬಂದು ಹೇಳಬೇಕೆಂದಿದ್ದೇನೆ. ನೀನು ಮತ್ತೆ ಆಡಲಾರೆ, ಅದು ನನಗೆ ತಿಳಿದಿದೆ. ಆದರೆ ಸುಳ್ಳಿ ಎನ್ನುವ ಹೆಸರು ಹೊತ್ತು ನೀನು ಆ ಖೋಲಿ ಬಿಡಬಾರದು. ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ನಿನ್ನ ಒಪ್ಪಿಗೆ ಇಲ್ಲದೆ ಬರಲಾರೆ. ಒಮ್ಮೆ ಕೇಳದೆ ಮಾಡಿದ್ದು ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣು, ಗುಳಿಗೆ ತಪ್ಪಿಸಬೇಡ. ಲಕ್ಕವ್ವ ನಿನ್ನನ್ನು ಕಾಯಲಿ ಎಂದು ಬರೆಯಲು ಅಂಜಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಿನ್ನ ಅವ್ವ,
ದುಂಡವ್ವ

ತಾ.ಕ. ಕಾಕಾ ಹಾರ್ನ್ ಹೊಡೆಯುತ್ತಿದ್ದಾನೆ. ಇದೊಂದನ್ನು ನಿನ್ನಪ್ಪನಿಗೂ ಹೇಳಿಲ್ಲ. ನಮಸ್ಕಾರದ ಹಿಂದಿನ ದಿನ ಪೂಜಾರಿ ಪರಸಪ್ಪ ನನ್ನನ್ನು ಕರೆದು, "ಹುಡಿಗಿ ಕಾಲಿಗೆ ಹೊಲಿಗಿ ಹಾಕ್ಯಾರ, ಬದ್ಲಿ ನೀನ ಹಾಕಬಿಡು ದುಂಡವ್ವಾ, ಹಡದಾಕಿ ಹಾಕಿದ್ರೂ ದೇವಿ ಒಪ್ಪಕೊತಾಳ" ಎಂದಿದ್ದ. ನಾನು ನಿನಗೆ ತಿಳಿಸಲಿಲ್ಲ. ಮೊಬೈಲಿನಲ್ಲಿ ನಿನ್ನ ಆಟ ನೋಡಿ "ಮಗಳಿಗೆ ಚಡ್ಡಿ ಬಿಟ್ರ ಬ್ಯಾರೆ ಅರಬಿ ಇಲ್ಲೇನ?" ಎಂದು ಕೇಳಿದ ಓಣಿಯ ಹೆಂಗಸರು, ನೀನು ಸೀರೆಯುಟ್ಟು ಅಡ್ಡಬೀಳುವುದನ್ನು ಕಣ್ಣಾರೆ ನೋಡಲಿ ಎಂದಿತ್ತು ನನಗೆ. ದೇವಿಗಾಗಿ ಅಲ್ಲ, ಅವರಿಗಾಗಿ ನಿನ್ನನ್ನು ಮಲಗಿಸಿದೆ. ಇದನ್ನು ಓದಿದ ಮೇಲೂ ನಾನು ಬರಬಹುದೋ ಬಾರದೋ, ಬರೆ. ಬೈದು ಬರೆದರೂ ಸರಿ. ಕಾಕಾ ಭಾನುವಾರ ಲಾರಿ ಖಾಲಿ ಮಾಡಿ ಮತ್ತೆ ನಿನ್ನ ಹಾಸ್ಟೆಲಿಗೆ ಬರುತ್ತಾನೆ. ಉತ್ತರ ಸಿಗುವವರೆಗೆ ಬಾಗಿಲು ಬಿಟ್ಟು ಕದಲಬೇಡ, ತೆಗೆದುಕೊಂಡೇ ಬಾ ಎಂದು ಅವನಿಗೆ ಹೇಳಿದ್ದೇನೆ.