ಹಚ್ಚಿ ನೋಡುವ ಬಣ್ಣ

ಕೊಟ್ಟೂರು
ನವೆಂಬರ್ ೧೮, ೨೦೨೪

ನನ್ನ ಅವ್ವನಿಗೆ,

ನಿನ್ನ ರಮಾ ಕಾಲಿಗೆ ಬಿದ್ದು ಬರೆಯುವುದು. ಅಕ್ಷರ ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ತಮ್ಮ ಹುಲುಗೇಶನ ಕೈಗೆ ಕೊಟ್ಟು ಓದಿಸಬೇಡ. ರಾತ್ರಿಶಾಲೆಯಲ್ಲಿ ಕಲಿತದ್ದು ಇನ್ನು ಯಾವಾಗ ಉಪಯೋಗಕ್ಕೆ ಬಂದೀತು, ನೀನೇ ಓದು. ತಡವಾದರೂ ಅಡ್ಡಿಯಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು ಇರಲಿ ಬಿಡವ್ವ ಅಂದುಬಿಡುತ್ತೀ, ನಾನೂ ಸದ್ಯ ಬದುಕಿದೆ ಅಂತ ಉಣ್ಣಲು ಕೂರುತ್ತೇನೆ. ಈ ಸಲ ಹಾಗಾಗುವುದು ಬೇಡ.

ಹೋದ ಗುರುವಾರ ನೀನು ಹಿರೇಹಡಗಲಿಯಿಂದ ಎರಡು ಬಸ್ಸು ಬದಲಿಸಿ ನಮ್ಮ ಹಳೇ ರೈಲ್ವೆ ಸ್ಟೇಷನ್ನು ನೋಡಲು ಬಂದೆ. ಮಗಳು ಇಂಜಿನಿಯರಾಗಿ ಅದನ್ನು ಮೊದಲಿದ್ದಂತೆ ಮಾಡುತ್ತಿದ್ದಾಳೆ ಅಂತ ಓಣಿಯವರಿಗೆಲ್ಲ ಹೇಳಿಕೊಂಡು ಹೊರಟಿದ್ದೆಯಂತೆ. ಅಲ್ಲಿ ನಿನಗಾದ ಅವಮಾನ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ.

ಹಳೇ ಕಟ್ಟಡಕ್ಕೆ ಹಳೇ ಬಣ್ಣವನ್ನೇ ಹಚ್ಚಬೇಕೆಂಬುದು ನಮ್ಮ ಕೆಲಸದ ನಿಯಮ. ಸಿಕ್ಕ ಫೋಟೋಗಳೆಲ್ಲ ಕಪ್ಪು-ಬಿಳುಪು. ಮುಂದಿನ ಗೋಡೆಗಳಿಗೆ ಯಾವಾಗಲೋ ಸಿಮೆಂಟು ಬಡಿದಿದ್ದರಿಂದ ಹಳೇ ಸುಣ್ಣದ ಗುರುತೇ ಇರಲಿಲ್ಲ. ಬಣ್ಣ ಪತ್ತೆ ಮಾಡಲು ಬಂದ ತಜ್ಞೆ ಶಾಂಭವಿ ಮೇಡಂ ಊರೆಲ್ಲ ವಿಚಾರಿಸಿದರು. ಒಬ್ಬರು ಕೆಂಪು ಎಂದರು, ಇನ್ನೊಬ್ಬರು ಹಸಿರು ಎಂದು ಆಣೆ ಮಾಡಿದರು. ಕೊನೆಗೆ ಹಿಂಬದಿಯಲ್ಲಿ, ದೀಪದ ಕೋಣೆಯ ಸೂರಿನ ಕೆಳಗೆ, ಹಳೇ ಸುಣ್ಣ ಉಳಿದಿದ್ದ ಒಂದು ಮೊಳ ಗೋಡೆ ಸಿಕ್ಕಿತು. ಮೇಡಂ ಸಣ್ಣ ಚಾಕುವಿನಿಂದ ಪದರ ಪದರವಾಗಿ ಕೆರೆದರು. ಎಲ್ಲ ಪದರವೂ ಗಾಢ ಹಳದಿ, ಹೆಚ್ಚುಕಡಿಮೆ ಕಾವಿಯ ಹತ್ತಿರ. ಎಲ್ಲರಿಗೂ ಖುಷಿ. ಇದೇ ಹಳೇ ಬಣ್ಣವೆಂದು ಬರೆದುಕೊಂಡರು.

ಆ ಗೋಡೆ ಯಾವುದೆಂದು ನಿನಗೆ ಹೊಳೆದಿರಬೇಕು. ಪ್ರತಿ ವರ್ಷ ಸ್ಟೇಷನ್ನಿಗೆ ಸುಣ್ಣ ಬಳಿಯುವ ದಿನ ನೀನು, ಅಜ್ಜಿ ಜಂಬಮ್ಮ ಮತ್ತು ರೈಲ್ವೆ ಕೂಲಿ ಗ್ಯಾಂಗಿನ ಹೆಂಗಸರು ಮೊದಲು ಅಲ್ಲೇ ಒಂದು ಕೈ ಹಚ್ಚಿ ಒಣಗಲು ಬಿಡುತ್ತಿದ್ದಿರಿ. ಆ ಮೊದಲ ಕೈ ಬೇಕಂತಲೇ ಗಾಢ, ಆ ವರ್ಷದ ಹಳದಿ ಮಣ್ಣು ಎಂಥದ್ದು ಎಂದು ತಿಳಿಯಲು. ಆಮೇಲೆ ಸುಣ್ಣ ಬೆರೆಸಿ ಬೆರೆಸಿ ತೆಳುವಾಗಿಸುತ್ತಿದ್ದಿರಿ. ಮುಂದಿನ ಗೋಡೆಗೆ ಏರುತ್ತಿದ್ದುದು ಒಗ್ಗರಣೆ ಮಜ್ಜಿಗೆಯಷ್ಟೇ ಹಳದಿ. ನಾನು ಅಲ್ಲೇ ಬುತ್ತಿ ಬಿಚ್ಚಿಕೊಂಡು ಕೂತು ನೋಡಿದವಳು. ಡಬ್ಬಕ್ಕೆ ಎರಡು ಹಿಡಿ ಮಣ್ಣು ಎಂದರೆ ತನ್ನ ಹಿಡಿ, ಸೊಸೆಯ ಹಿಡಿ ಲೆಕ್ಕಕ್ಕಿಲ್ಲ ಅಂತ ಅಜ್ಜಿ ನಿನ್ನನ್ನು ಕಾಡಿಸುತ್ತಿದ್ದಳು.

ಬಣ್ಣ ಗೊತ್ತುಮಾಡುವ ಸಭೆಯಲ್ಲಿ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ನಮ್ಮವ್ವ ಇಲ್ಲಿ ಕಸ ಹೊಡೆದು ಸುಣ್ಣ ಬಳಿದವಳು ಎನ್ನಬೇಕಾಗುತ್ತಿತ್ತು. ನಮ್ಮ ತಾಯಿ ರೈಲ್ವೆಯಲ್ಲಿದ್ದರು ಎಂದಷ್ಟೇ ಎಲ್ಲರಿಗೂ ಹೇಳಿದ್ದೆ. ಅವರು ನಿನ್ನನ್ನು ಟಿಕೆಟ್ ಕೌಂಟರಿನೊಳಗೆ ಕೂರಿಸಿಕೊಂಡರು, ನಾನು ತಿದ್ದಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅನ್ನುವವರನ್ನು ನಾನೇ ಎಷ್ಟು ಸಲ ಬೈದಿಲ್ಲ! ಸುಣ್ಣ ತಿಂದು ಬಿರಿದ ನಿನ್ನ ಕೈ ನನ್ನನ್ನು ಓದಿಸಿತು, ನಾನು ಆ ಕೈಯನ್ನೇ ಮುಚ್ಚಿಟ್ಟೆ. ಅವ್ವ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೀಗೆ ತಪ್ಪು ಬಣ್ಣವೇ ಗೋಡೆಗೆ ಏರಿತು. ಗುರುವಾರ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಅದನ್ನು ನೋಡಲು ಬಂದ ಹೊತ್ತಿಗೇ ನೀನೂ ಗೇಟು ದಾಟಿ ಬಂದೆ. ನನ್ನನ್ನು ನೋಡುವ ಮೊದಲು ಗೋಡೆ ನೋಡಿದೆ. ಹತ್ತಿರ ಹೋಗಿ ಮುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಯವ್ವಾ, ಇದು ನಾವು ಹಚ್ಚಿ ನೋಡೂ ಬಣ್ಣ ಐತಿ. ಇದನ್ನ ಗ್ವಾಡಿಗೆ ಯಾಕ ಬಳದಾರ?"

ಯಾರಿವರು ಎಂದು ಸಾಹೇಬರು ನನ್ನನ್ನು ಕೇಳಿದರು.

"ಯಾರೋ ಊರಿನವರು ಸರ್" ಎಂದೆ.

ನಿನಗೆ ಕೇಳಿಸಿತು. ನೀನು ತಲೆಯ ಮೇಲೆ ಸೆರಗೆಳೆದುಕೊಂಡು, ಯಾರೋ ಊರಿನವಳ ಹಾಗೆಯೇ ನಿಂತೆ. ಸಾಹೇಬರು ನನಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಷ್ಟರಲ್ಲಿ ಗಾರ್ಡ್ ಗಾಳೆಪ್ಪ ಬಂದು ನಿನ್ನ ತೋಳು ಹಿಡಿದು ಗೇಟಿನಾಚೆ ಬಿಟ್ಟ. ನಾನು ಮೂರು ಮಾರು ದೂರದಲ್ಲಿ ಅಳತೆ ಟೇಪು ಸುತ್ತುತ್ತ ನಿಂತಿದ್ದೆ.

ಮನೆಗೆ ಹೋಗಿ ನೀನು ಏನು ಹೇಳಿದೆ ಎಂಬುದನ್ನು ಹುಲುಗೇಶ ಫೋನಿನಲ್ಲಿ ಒಪ್ಪಿಸಿದ. "ಆ ಸಾಹೇಬ ಭಾಳ ಬಿರುಸು ಅದಾನ, ಹೊರಗ ಹಾಕಿಸಿದ. ಪಾಪ, ನನ್ನ ಮಗಳು ನೌಕರಿ ಉಳಿಸ್ಕೋಬೇಕಲ್ಲ." ನೀನು ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ. ನೀನು ನನ್ನ ಪರವಾಗಿ ಮಾತಾಡಿಬಿಟ್ಟೆ.

ಶನಿವಾರ ಶಾಂಭವಿ ಮೇಡಂ ಹತ್ತಿರ ಹೋಗಿ ಗೋಡೆಯ ವಿಷಯ, ನಿನ್ನ ವಿಷಯ ಹೇಳಿದೆ. ಹಳೇ ಬಣ್ಣವೆಂದು ಬರೆದುಕೊಂಡಿದ್ದ ಸಾಲನ್ನು ಅವರು ಹೊಡೆದುಹಾಕಿದರು. ಆಮೇಲೆ, ಬಣ್ಣ ತೆಗೆಸಿ ಮತ್ತೆ ಬಳಿಸೋಣ, ಆದರೆ ಅದನ್ನು ಕಲಸುವುದು ನಿಮ್ಮ ತಾಯಿಗೆ ಮಾತ್ರ ಗೊತ್ತು, ಬರುತ್ತಾರಾ ಎಂದು ಕೇಳಿದರು. ಸುಣ್ಣ ನೆನೆಹಾಕಿಸಿದ್ದಾರೆ. ಮುಂದಿನ ಸೋಮವಾರದಿಂದ ಕೆಲಸ. ಕೆಲಸ ಬಿದ್ದಾಗ ಅವ್ವ ನೆನಪಾದಳು ಎಂದು ಬೈದುಕೋ, ಅದು ನಿಜವೇ. ಬಂದರೆ ಗೇಟಿನಲ್ಲಿ ನಾನೇ ನಿಂತಿರುತ್ತೇನೆ, ಇವಳು ನಮ್ಮವ್ವ ಮಾಳಮ್ಮ ಎಂದು ಎಲ್ಲರೆದುರು ಹೇಳುತ್ತೇನೆ.

ನೀನು ಹೆತ್ತ,
ರಮಾ

ತಾ.ಕ.: ಒಂದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸಾಹೇಬರು ಬಿರುಸಲ್ಲ ಅವ್ವ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು, ಹಿರಿಯರು, ಏನೋ ತಿಳಿದವರಂತೆ ಕಾಣುತ್ತಾರೆ, ಒಂದು ಕುರ್ಚಿ ತರಿಸಿ, ಕೂರಿಸಿ ಕೇಳೋಣ ಎಂದು. ಗಾಳೆಪ್ಪನಿಗೆ ಕಣ್ಣಲ್ಲೇ ಗೇಟು ತೋರಿಸಿದವಳು ನಾನು. ಗೋಡೆ ನೋಡುತ್ತಿದ್ದ ಅವರು ತಿರುಗಿ ನೀನೆಲ್ಲಿ ಎಂದು ಕೇಳಿದಾಗ, ಆ ಅಜ್ಜಿಗೆ ಬಸ್ಸಿನ ಹೊತ್ತಾಯಿತಂತೆ ಎಂದೆ. ಇದನ್ನು ಮೇಡಂಗೂ ಹೇಳಿಲ್ಲ. ಓದಿದ ಮೇಲೆ ಬರಬೇಕೋ ಬೇಡವೋ ನೀನೇ ನೋಡು.