ಬಲಿಯದ ತತ್ತಿ

೧೪ ಮಾರ್ಚ್ ೨೦೦೯, ಶನಿವಾರ

ದೊಡ್ಡ ಹೆಣ್ಣು ಕಾಟ್ಲಾ ಮೀನು ಇವತ್ತು ಸತ್ತಿತು. ತತ್ತಿ ಇಡಿಸುವ ಔಷಧದ ಸೂಜಿ ಚುಚ್ಚಿದವಳು ನಾನೇ.

ಮಳೆಗಾಲದಲ್ಲಿ ತತ್ತಿ ಇಡುವ ಮೀನು ಅದು. ಆನೆಗೊಂದಿಯ ಈ ಮೀನು ಸಾಕಣೆಯ ಮಾಲೀಕ ಪ್ರಭುರಾಜ ಅವರಿಗೆ ಬೇರೆಲ್ಲರಿಗಿಂತ ಮೊದಲು, ಮಾರ್ಚಿನಲ್ಲೇ ಮರಿ ಬೇಕು. ಅದಕ್ಕೆಂದೇ ನವೆಂಬರಿನಿಂದ ನಾನು ಶೇಂಗಾ ಹಿಂಡಿ, ತೌಡು ತಿನ್ನಿಸುತ್ತ, ಹೊಂಡಕ್ಕೆ ಹೊಸ ನೀರು ಬಿಡುತ್ತ ಬಂದಿದ್ದೆ. ಇನ್ನು ಹದಿನೈದು ದಿನ ಕಾದಿದ್ದರೆ ಸಾಕಿತ್ತು.

ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. "ಸಾವ್ಕಾರ್ರ, ತತ್ತಿ ಇನ್ನೂ ಬಲ್ತಿಲ್ರಿ. ಹೊಟ್ಟಿ ಮೆತ್ತಗಾಗ್ಲಿ" ಅಂದೆ.

"ಸೋಮವಾರ ಮರಿ ನೋಡಾಕ ಮಂದಿ ಬರ್ತಾರ ಪಂಪಾವತಿ. ಔಷಧ ಡಬಲ್ ಹಾಕು. ನಿನಗ ಆಗಂಗಿಲ್ಲಂದ್ರ ನಾಗೇಶ ಹಾಕ್ತಾನ" ಅಂದರು.

ನಾಗೇಶ ಮೊನ್ನೆ ಕೆಲಸಕ್ಕೆ ಸೇರಿದವನು, ಅವನಿಗೆ ಮೀನು ಹಿಡಿಯಲೂ ಬಾರದು. ಅವನ ಕೈಗೆ ಸಿಕ್ಕು ಮೀನು ನರಳಬಾರದೆಂದು ನಾನೇ ಚುಚ್ಚಿದೆ ಎಂದು ಇಲ್ಲಿ ಸುಳ್ಳು ಬರೆಯಲಾರೆ. ನನ್ನ ಜಾಗ ಹೋದೀತೆಂದು ಚುಚ್ಚಿದೆ.

ಸಂಜೆಗೆ ಅದು ಮಗ್ಗುಲಾಗಿ ತೇಲಿತು. ಹೊಟ್ಟೆ ಉಬ್ಬಿತ್ತು, ಒಂದು ತತ್ತಿಯೂ ಹೊರಗೆ ಬಂದಿರಲಿಲ್ಲ.

"ನಿನ್ನ ಕೈ ಛಲೋ ಇಲ್ಲ" ಅಂದರು, ಎಲ್ಲರೆದುರು. ಆರು ವರ್ಷ ಲಕ್ಷಗಟ್ಟಲೆ ಮರಿ ತೆಗೆದಾಗ ಅದು ಯಾರ ಕೈಯೆಂದು ಅವರು ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ಇನ್ನೊಂದು ಹೆಣ್ಣು ಮೀನು ತೋರಿಸಿ, "ನಾಳಿ ಇದಕ್ಕ ಹಾಕು" ಅಂದರು.

ಅದರ ಹೊಟ್ಟೆಯನ್ನು ನಾನು ಮುಟ್ಟಿಯೂ ನೋಡಲಿಲ್ಲ. "ಆತ್ರಿ" ಅಂದುಬಿಟ್ಟೆ.