ಸೋಮವಾರದ ಮಾತ್ರೆ

ಆಗಸ್ಟ್ ೪, ಸೋಮವಾರ

'…ಅಸ್ಕಂಡಿರೋ ಮಗೀಗೆ ಮಾತ್ರೆ ನುಂಗುಸ್ತೀರಲ್ಲ ಮೇಡಮ್ನೋರೇ, ನಿಮ್ಮನೇಲಿ ಸೋಮ್ವಾರ ಬರಾಕಿಲ್ವಾ?' ಅದಕ್ಕೆ ಮೊದಲು ದೇವಿರಮ್ಮ ಇನ್ನೇನೋ ಅಂದಿದ್ದರು, ಮರೆತಿದೆ.

ಅವರ ಮೊಮ್ಮಗಳು ಶೋಭಿತಾ, ನನ್ನ ಒಂಬತ್ತನೇ ತರಗತಿಯವಳು, ಕಬ್ಬಿಣಾಂಶದ ಮಾತ್ರೆ ನುಂಗಿ ಇವತ್ತೂ ವಾಂತಿ ಮಾಡಿಕೊಂಡಳು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ, ಮಾತ್ರೆ ಬಿಡುವಂತಿಲ್ಲ.

ಶ್ರಾವಣದ ಸೋಮವಾರ ಅರ್ಧ ತರಗತಿ ಒಪ್ಪತ್ತು ಇರುವುದು ನನಗೆ ಗೊತ್ತಿತ್ತು. ಆದರೂ ಆರೋಗ್ಯ ಕಚೇರಿಯ ಪಟ್ಟಿಯಲ್ಲಿ ಮಾತ್ರೆಯ ದಿನ ಸೋಮವಾರ ಎಂದಿದೆಯೆಂದು ಬರಿಹೊಟ್ಟೆಗೇ ಕೊಟ್ಟೆ. ಪಟ್ಟಿಯ ಹಿಂದೆ ನಿಂತುಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಇನ್ನು ಮೇಲೆ ಮಂಗಳವಾರ, ಬಿಸಿಯೂಟಕ್ಕೆ ಮಕ್ಕಳ ಜೊತೆ ಕೂತು, ಉಂಡಮೇಲೇ ಕೊಡುತ್ತೇನೆ. ಮದ್ದೂರಿನ ಆರೋಗ್ಯ ಕಚೇರಿಗೂ ಹಾಗೆಂದು ಬರೆದಾಯಿತು. ಬೆಳಿಗ್ಗೆ ದೇವಿರಮ್ಮನ ಮನೆಗೆ ನಾನೇ ಹೋಗುತ್ತೇನೆ.

ಶೋಭಿತಾ, ಬಾಯಿ ಒರೆಸಿಕೊಂಡು 'ತಪ್ಪಾಯ್ತು ಮಿಸ್' ಅಂದೆಯಲ್ಲ, ನಿನ್ನದೇನಿತ್ತು ತಪ್ಪು?